ಕ್ರೆಡಿಟ್ ಕಾರ್ಡಿನ ಪಾಯಿಂಟು ಮತ್ತು ಕ್ಯಾಷ್‌ಬ್ಯಾಕ್: ಲಾಭದ ಲೆಕ್ಕ ಹಾಕುವ ಬಗೆ

ಬ್ಯಾಂಕುಗಳು ನೀಡುವ ಕ್ರೆಡಿಟ್ ಕಾರ್ಡು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಗ್ರಾಹಕರಿಗೆ ಇಂತಹ ಕಾರ್ಡನ್ನು ನೀಡಲಾರಂಭಿಸಿತು. ಆಗ ಅದು ಮಹಾನಗರಗಳ ಕೆಲವೇ ಸ್ಥಿತಿವಂತರ ಕೈಯಲ್ಲಿದ್ದ ಸೌಲಭ್ಯವಾಗಿತ್ತು. ಇಂದು ತಿಂಗಳ ಸಂಬಳವನ್ನೇ ನೆಚ್ಚಿದ ಸಾಧಾರಣ ಕುಟುಂಬಗಳಲ್ಲಿಯೂ ಒಂದೆರಡು ಕಾರ್ಡುಗಳಿರುವುದು ಸಾಮಾನ್ಯವಾಗಿದೆ. ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಕಾರ್ಡುಗಳ ಪರಿಚಯವಾಗುವುದು ಬಹುಮಟ್ಟಿಗೆ ಮಾಲು, ವಿಮಾನ ನಿಲ್ದಾಣ, ಪೆಟ್ರೋಲ್ ಬಂಕುಗಳಲ್ಲಿ ಮೇಜು ಹಾಕಿಕೊಂಡು ನಿಂತ ಪ್ರತಿನಿಧಿಗಳ ಮೂಲಕ, ಇಲ್ಲವೇ ದೂರವಾಣಿ ಕರೆಯ ಮೂಲಕ. "ಪ್ರತಿ ಖರೀದಿಗೂ ಪಾಯಿಂಟು", "ಶೇ. 5ರಷ್ಟು ಹಣ ವಾಪಸು", "ಜೀವನಪರ್ಯಂತ ಉಚಿತ" ಎಂಬ ಮಾತುಗಳು ಅವರ ಬಾಯಲ್ಲಿ ಸದಾ ಇರುತ್ತವೆ. ಈ ಮಾತುಗಳು ಸಾಮಾನ್ಯವಾಗಿ ಸುಳ್ಳಲ್ಲ, ಆದರೆ ಅಪೂರ್ಣ. ಅವುಗಳಲ್ಲಿ ಹೇಳದೆ ಬಿಟ್ಟ ಭಾಗವನ್ನು ಸೇರಿಸಿ ಲೆಕ್ಕ ಹಾಕಿದಾಗ ಎರಡು ಕಾರ್ಡುಗಳ ಸ್ಥಾನವೇ ಅದಲುಬದಲಾಗುವುದುಂಟು.

ಈ ಲೆಕ್ಕ ಕಠಿಣವಾದುದಲ್ಲ. ಒಂದು ಕಾಗದ, ಒಂದು ಪೆನ್ನು, ಕಳೆದ ಎರಡು ಮೂರು ತಿಂಗಳ ಮನೆಖರ್ಚಿನ ವಿವರ ಇಷ್ಟಿದ್ದರೆ ಸಾಕು.

ಹಣ ಬರುವುದು ಎಲ್ಲಿಂದ?

ಗ್ರಾಹಕರು ಅಂಗಡಿಯಲ್ಲಿ 1,000 ರೂಪಾಯಿಯ ವಸ್ತುವನ್ನು ಕಾರ್ಡಿನಿಂದ ಕೊಂಡರೆ ಅಂಗಡಿಯವರ ಖಾತೆಗೆ ಪೂರ್ತಿ 1,000 ರೂಪಾಯಿ ಜಮೆಯಾಗುವುದಿಲ್ಲ. ಅದರಲ್ಲಿ ಒಂದು ಪಾಲು ಶುಲ್ಕವಾಗಿ ಕಡಿತವಾಗುತ್ತದೆ. ಬ್ಯಾಂಕಿನ ವ್ಯವಹಾರದಲ್ಲಿ ಇದನ್ನು ಎಂ.ಡಿ.ಆರ್. ಎನ್ನುತ್ತಾರೆ. ಶುಲ್ಕವು ಶೇ. 2 ಎಂದಿದ್ದರೆ ಅಂಗಡಿಯವರಿಗೆ ದೊರೆಯುವುದು 980 ರೂಪಾಯಿ. ಉಳಿದ 20 ರೂಪಾಯಿಯನ್ನು ಕಾರ್ಡು ನೀಡಿದ ಬ್ಯಾಂಕು, ಅಂಗಡಿಗೆ ಯಂತ್ರ ಒದಗಿಸಿದ ಬ್ಯಾಂಕು ಹಾಗೂ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೊದಲಾದ ಜಾಲಗಳು ಹಂಚಿಕೊಳ್ಳುತ್ತವೆ. ಇದರಲ್ಲಿ ಹೆಚ್ಚಿನ ಪಾಲು ಕಾರ್ಡು ನೀಡಿದ ಬ್ಯಾಂಕಿಗೆ ಸೇರುತ್ತದೆ. ಗ್ರಾಹಕರಿಗೆ ಪಾಯಿಂಟಾಗಿ ಅಥವಾ ನಗದಾಗಿ ಮರಳುವುದು ಈ ಪಾಲಿನ ಒಂದಂಶ.

ಈ ಸಂಬಂಧ ಎಷ್ಟು ನೇರವಾದುದು ಎಂಬುದಕ್ಕೆ ಯೂರೋಪಿನ ನಿದರ್ಶನವಿದೆ. ಐರೋಪ್ಯ ಒಕ್ಕೂಟವು 2015ರಲ್ಲಿ ನಿಯಮವೊಂದನ್ನು ಮಾಡಿ, ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ ಕಾರ್ಡು ನೀಡಿದ ಬ್ಯಾಂಕಿಗೆ ಸೇರುವ ಪಾಲನ್ನು ಶೇ. 0.3ಕ್ಕೆ ಮಿತಿಗೊಳಿಸಿತು. ಆ ಬಳಿಕ ಅಲ್ಲಿನ ಹಲವು ಕಾರ್ಡುಗಳ ಕೊಡುಗೆಗಳು ತೆಳುವಾದವು. ಭಾರತದಲ್ಲಿ ರುಪೇ ಡೆಬಿಟ್ ಕಾರ್ಡು ಹಾಗೂ ಯು.ಪಿ.ಐ. ಪಾವತಿಗಳ ಮೇಲೆ 2020ರ ಜನವರಿ 1ರಿಂದ ಅಂಗಡಿಯವರ ಶುಲ್ಕವನ್ನು ತೆಗೆದುಹಾಕಲಾಗಿದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಯು.ಪಿ.ಐ. ಮೂಲಕ ಹಣ ಕೊಟ್ಟಾಗ ಕ್ರೆಡಿಟ್ ಕಾರ್ಡಿನಂತಹ ನಿಯಮಿತ ಕೊಡುಗೆ ಸಿಗದಿರಲು ಮುಖ್ಯ ಕಾರಣವೂ ಇದೇ. ಹಂಚಿಕೊಳ್ಳಲು ಅಲ್ಲಿ ಶುಲ್ಕವೇ ಇಲ್ಲ.

ಬ್ಯಾಂಕಿಗೆ ಇನ್ನೆರಡು ಆದಾಯಗಳಿವೆ. ಒಂದು, ವಾರ್ಷಿಕ ಶುಲ್ಕ. ಇನ್ನೊಂದು, ಬಿಲ್ಲನ್ನು ಪೂರ್ತಿ ತೀರಿಸದವರಿಂದ ಬರುವ ಬಡ್ಡಿ. ಸರಿಯಾದ ದಿನ ಪೂರ್ತಿ ಹಣ ಕಟ್ಟುವ ಗ್ರಾಹಕರು ಪಡೆಯುವ ಕೊಡುಗೆಯ ವೆಚ್ಚದಲ್ಲಿ ಸ್ವಲ್ಪ ಭಾಗವನ್ನಾದರೂ ಬಾಕಿ ಉಳಿಸಿಕೊಂಡವರು ಭರಿಸುತ್ತಿರುತ್ತಾರೆ.

ಕೆಲವು ಅಂಗಡಿಗಳಲ್ಲಿ, ವಿಶೇಷವಾಗಿ ಚಿನ್ನಾಭರಣ ಹಾಗೂ ವಿದ್ಯುನ್ಮಾನ ಸಾಮಗ್ರಿಗಳ ಅಂಗಡಿಗಳಲ್ಲಿ, ಕಾರ್ಡು ಕೊಟ್ಟರೆ ಶೇ. 2ರಷ್ಟು ಹೆಚ್ಚು ಕೊಡಬೇಕೆಂದು ಕೇಳುವುದುಂಟು. ಶೇ. 1ರ ಕ್ಯಾಷ್‌ಬ್ಯಾಕ್‌ಗಾಗಿ ಶೇ. 2 ಹೆಚ್ಚು ತೆತ್ತರೆ ಆದದ್ದು ನಷ್ಟವೇ. ಅಂತಹ ಕಡೆ ನಗದು ಬೆಲೆಯೇನೆಂದು ಮೊದಲು ವಿಚಾರಿಸುವುದು ಲೇಸು.

ಪಾಯಿಂಟನ್ನು ಪೈಸೆಗೆ ಇಳಿಸುವುದು

ಕೊಡುಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕ್ಯಾಷ್‌ಬ್ಯಾಕ್ ಯೋಜನೆಯಲ್ಲಿ ಖರ್ಚಿನ ಇಂತಿಷ್ಟು ಶೇಕಡಾ ಹಣ ಬಿಲ್ಲಿನಲ್ಲಿ ಕಡಿತವಾಗುತ್ತದೆ ಅಥವಾ ಖಾತೆಗೆ ಜಮೆಯಾಗುತ್ತದೆ. ಅಮೆರಿಕದಲ್ಲಿ 1986ರಲ್ಲಿ ಹೊರಬಂದ ಡಿಸ್ಕವರ್ ಕಾರ್ಡು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ರಿವಾರ್ಡ್ ಪಾಯಿಂಟ್ ಯೋಜನೆಯಲ್ಲಿ ಹಣದ ಬದಲು ಪಾಯಿಂಟುಗಳು ಸಂಗ್ರಹವಾಗುತ್ತವೆ. ಅವುಗಳನ್ನು ಮುಂದೆ ವಸ್ತು, ಉಡುಗೊರೆ ಚೀಟಿ, ವಿಮಾನದ ಟಿಕೆಟ್ಟು ಅಥವಾ ಬಿಲ್ಲಿನ ಕಡಿತಕ್ಕೆ ಬದಲಾಯಿಸಿಕೊಳ್ಳಬಹುದು.

ಕ್ಯಾಷ್‌ಬ್ಯಾಕ್‌ನಲ್ಲಿ ಒಂದು ರೂಪಾಯಿ ಎಂದರೆ ಒಂದು ರೂಪಾಯಿಯೇ. ಪಾಯಿಂಟಿನ ವಿಷಯ ಹಾಗಲ್ಲ. ಒಂದು ಬ್ಯಾಂಕಿನ ಪಾಯಿಂಟು 25 ಪೈಸೆಗೆ ಸಮನಾದರೆ ಇನ್ನೊಂದರದು 50 ಪೈಸೆ, ಮತ್ತೊಂದರದು ಒಂದು ರೂಪಾಯಿ ಆಗಬಹುದು. ಒಂದೇ ಕಾರ್ಡಿನಲ್ಲಿಯೂ ವಿಮಾನದ ಟಿಕೆಟ್ಟಿಗೆ ಬಳಸಿದರೆ ಒಂದು ಬೆಲೆ, ಬಿಲ್ಲಿಗೆ ಹೊಂದಿಸಿಕೊಂಡರೆ ಅದಕ್ಕಿಂತ ಕಡಿಮೆ ಬೆಲೆ ಇರುವುದು ಸಾಮಾನ್ಯ. ಆದ್ದರಿಂದ "ಹತ್ತು ಪಟ್ಟು ಪಾಯಿಂಟು" ಎಂಬ ಜಾಹೀರಾತು ತಾನಾಗಿಯೇ ಏನನ್ನೂ ಹೇಳುವುದಿಲ್ಲ. 100 ರೂಪಾಯಿ ಖರ್ಚಿಗೆ ಎಷ್ಟು ಪಾಯಿಂಟು, ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂಬೆರಡನ್ನು ಗುಣಿಸಿದಾಗ ಮಾತ್ರ ನಿಜವಾದ ದರ ತಿಳಿಯುತ್ತದೆ. 100 ರೂಪಾಯಿಗೆ 2 ಪಾಯಿಂಟು, ಪಾಯಿಂಟಿಗೆ 25 ಪೈಸೆ ಎಂದರೆ ದೊರೆಯುವುದು 50 ಪೈಸೆ, ಅಂದರೆ ಶೇ. ಅರ್ಧ. ಶೇ. 1ರ ಸರಳ ಕ್ಯಾಷ್‌ಬ್ಯಾಕ್ ಇದರ ಎರಡರಷ್ಟಾಯಿತು.

ಪಾಯಿಂಟುಗಳಿಗೆ ಬೇರೆ ತೊಡಕುಗಳೂ ಉಂಟು. ಅನೇಕ ಕಾರ್ಡುಗಳಲ್ಲಿ ಎರಡು ಅಥವಾ ಮೂರು ವರ್ಷಗಳಲ್ಲಿ ಅವು ರದ್ದಾಗುತ್ತವೆ. ಇಂತಿಷ್ಟು ಸಂಗ್ರಹವಾಗುವ ತನಕ ಬಳಸುವಂತಿಲ್ಲ ಎಂಬ ಷರತ್ತು ಕೆಲವೆಡೆ ಇರುತ್ತದೆ. ಬಳಸುವಾಗ ಹಲವು ಬ್ಯಾಂಕುಗಳು 99 ರೂಪಾಯಿಯ ಆಸುಪಾಸಿನ ಶುಲ್ಕವನ್ನು, ಅದರ ಮೇಲೆ ಶೇ. 18ರ ಜಿ.ಎಸ್.ಟಿ.ಯನ್ನು ವಿಧಿಸುತ್ತವೆ. ಇಂತಹ ಶುಲ್ಕವಿರುವ ಕಡೆ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಬಳಸುವುದಕ್ಕಿಂತ ವರ್ಷಕ್ಕೊಮ್ಮೆ ಒಟ್ಟಾಗಿ ಬಳಸಿಕೊಳ್ಳುವುದು ಮೇಲು.

ಒಂದು ಕುಟುಂಬದ ಲೆಕ್ಕ

ಪುಣೆಯಲ್ಲಿ ವಾಸಿಸುವ ಒಂದು ಕುಟುಂಬ ತಿಂಗಳಿಗೆ 20,000 ರೂಪಾಯಿಯನ್ನು ಕಾರ್ಡಿನ ಮೂಲಕ ಖರ್ಚು ಮಾಡುತ್ತದೆ ಎಂದು ಭಾವಿಸೋಣ. ದೊಡ್ಡ ಮಳಿಗೆಯಲ್ಲಿ ದಿನಸಿಗೆ 6,000, ಆನ್‌ಲೈನ್ ಖರೀದಿಗೆ 5,000, ಪೆಟ್ರೋಲಿಗೆ 3,000, ವಿದ್ಯುತ್ತು, ಅಡಿಗೆ ಅನಿಲ, ದೂರವಾಣಿಗಳಿಗೆ 3,000, ಔಷಧಿ ಹಾಗೂ ಇತರ ಅಂಗಡಿಗಳಿಗೆ 3,000. ವರ್ಷಕ್ಕೆ ಒಟ್ಟು 2,40,000 ರೂಪಾಯಿ. ಈ ಕುಟುಂಬದ ಮುಂದೆ ಮೂರು ಕಾರ್ಡುಗಳಿವೆ. ಇವು ವಿವರಣೆಗಾಗಿ ಕಲ್ಪಿಸಿಕೊಂಡವು. ಯಾವುದೇ ಬ್ಯಾಂಕಿನ ನಿರ್ದಿಷ್ಟ ಕಾರ್ಡುಗಳಲ್ಲದಿದ್ದರೂ ಷರತ್ತುಗಳು ಮಾರುಕಟ್ಟೆಯಲ್ಲಿ ಕಾಣಸಿಗುವಂತಹವೇ.

ಮೊದಲನೆಯದು ಪಾಯಿಂಟ್ ಕಾರ್ಡು. 100 ರೂಪಾಯಿಗೆ 2 ಪಾಯಿಂಟು, ದಿನಸಿಗೆ ಮಾತ್ರ ಐದು ಪಟ್ಟು, ಅಂದರೆ 10 ಪಾಯಿಂಟು. ಪಾಯಿಂಟಿಗೆ 25 ಪೈಸೆ. ವಾರ್ಷಿಕ ಶುಲ್ಕ 500 ರೂಪಾಯಿ. ಎರಡನೆಯದು ಕ್ಯಾಷ್‌ಬ್ಯಾಕ್ ಕಾರ್ಡು. ಆನ್‌ಲೈನ್ ಖರೀದಿಗೆ ಶೇ. 5, ಉಳಿದವಕ್ಕೆ ಶೇ. 1. ವಾರ್ಷಿಕ ಶುಲ್ಕ 1,000 ರೂಪಾಯಿ; ವರ್ಷದಲ್ಲಿ 2 ಲಕ್ಷ ರೂಪಾಯಿ ಖರ್ಚಾದರೆ ಮಾಫಿ. ಮೂರನೆಯದಕ್ಕೆ ಶುಲ್ಕವೇ ಇಲ್ಲ, ಎಲ್ಲಕ್ಕೂ ಶೇ. 1 ಕ್ಯಾಷ್‌ಬ್ಯಾಕ್. ಪೆಟ್ರೋಲು ಹಾಗೂ ವಿದ್ಯುತ್ ಮುಂತಾದ ಬಿಲ್ಲುಗಳಿಗೆ ಮೂರರಲ್ಲಿಯೂ ಕೊಡುಗೆ ಇಲ್ಲವೆಂದು ಇಟ್ಟುಕೊಳ್ಳೋಣ.

ಪಾಯಿಂಟ್ ಕಾರ್ಡಿನಲ್ಲಿ ತಿಂಗಳಿಗೆ ದಿನಸಿಯಿಂದ 600, ಆನ್‌ಲೈನಿನಿಂದ 100, ಔಷಧಿ ಇತ್ಯಾದಿಗಳಿಂದ 60, ಹೀಗೆ 760 ಪಾಯಿಂಟುಗಳು ಸೇರುತ್ತವೆ. ವರ್ಷಕ್ಕೆ 9,120. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ರೂಪಾಯಿಯಲ್ಲಿ ಅದು 2,280. ಇದರಲ್ಲಿ ತೆರಿಗೆ ಸೇರಿ 590 ರೂಪಾಯಿ ವಾರ್ಷಿಕ ಶುಲ್ಕವನ್ನೂ, ಪಾಯಿಂಟು ಬಳಸುವಾಗಿನ ಸುಮಾರು 117 ರೂಪಾಯಿಯನ್ನೂ ಕಳೆದರೆ ಉಳಿಯುವುದು 1,573 ರೂಪಾಯಿ.

ಶುಲ್ಕವಿಲ್ಲದ ಮೂರನೆಯ ಕಾರ್ಡಿನಲ್ಲಿ ಕೊಡುಗೆಗೆ ಅರ್ಹವಾದ ಮಾಸಿಕ 14,000 ರೂಪಾಯಿಗೆ 140, ವರ್ಷಕ್ಕೆ 1,680 ರೂಪಾಯಿ ಬರುತ್ತದೆ. ಜಾಹೀರಾತಿನಲ್ಲಿ ಯಾರ ಕಣ್ಣಿಗೂ ಬೀಳದ ಈ ಸಾಧಾರಣ ಕಾರ್ಡು ಐದು ಪಟ್ಟು ಪಾಯಿಂಟಿನ ಕಾರ್ಡಿಗಿಂತ ಸ್ವಲ್ಪ ಹೆಚ್ಚೇ ನೀಡಿತು.

ಕ್ಯಾಷ್‌ಬ್ಯಾಕ್ ಕಾರ್ಡಿನಲ್ಲಿ ಆನ್‌ಲೈನಿನಿಂದ 250, ಉಳಿದ ಅರ್ಹ ಖರ್ಚಿನಿಂದ 90, ಹೀಗೆ ತಿಂಗಳಿಗೆ 340, ವರ್ಷಕ್ಕೆ 4,080 ರೂಪಾಯಿ. ಖರ್ಚು 2 ಲಕ್ಷವನ್ನು ದಾಟಿರುವುದರಿಂದ ಶುಲ್ಕ ಮಾಫಿಯಾಗುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹಲವು ಕಾರ್ಡುಗಳಲ್ಲಿ ಕೊಡುಗೆ ಇಲ್ಲದ ಖರ್ಚುಗಳನ್ನು ಈ 2 ಲಕ್ಷದ ಲೆಕ್ಕಕ್ಕೂ ಹಿಡಿಯುವುದಿಲ್ಲ. ಹಾಗಿದ್ದರೆ ಕುಟುಂಬದ ಅರ್ಹ ಖರ್ಚು 1,68,000 ರೂಪಾಯಿ ಮಾತ್ರ. ತೆರಿಗೆ ಸೇರಿ 1,180 ರೂಪಾಯಿ ಕಟ್ಟಲೇಬೇಕು, ಉಳಿಯುವುದು 2,900. ವರ್ಷದ ಕೊನೆಯಲ್ಲಿ "ಇನ್ನು 32,000 ರೂಪಾಯಿ ಖರ್ಚು ಮಾಡಿದರೆ ಶುಲ್ಕ ಮಾಫಿ" ಎಂಬ ಸಂದೇಶ ಬರುವುದೂ ಇಂತಹ ಸಂದರ್ಭದಲ್ಲಿಯೇ. 1,180 ರೂಪಾಯಿ ಉಳಿಸಲು ಬೇಡದ ವಸ್ತುಗಳಿಗೆ 32,000 ಸುರಿಯುವುದು ಎಂತಹ ಉಳಿತಾಯ ಎಂಬುದನ್ನು ವಿವರಿಸಬೇಕಾಗಿಲ್ಲ.

ಈ ಲೆಕ್ಕದಿಂದ ಎರಡನೆಯ ಕಾರ್ಡೇ ಎಲ್ಲರಿಗೂ ಉತ್ತಮವೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅದೇ ಬಡಾವಣೆಯ ಇನ್ನೊಂದು ಕುಟುಂಬವೂ 20,000 ರೂಪಾಯಿಯನ್ನೇ ಖರ್ಚು ಮಾಡುತ್ತದೆ. ಆದರೆ ಅದು ಆನ್‌ಲೈನಿನಲ್ಲಿ ಕೊಳ್ಳುವುದು 1,000 ರೂಪಾಯಿಯಷ್ಟನ್ನು ಮಾತ್ರ, ದಿನಸಿಗೆ 10,000 ಹೋಗುತ್ತದೆ. ಉಳಿದ ಖರ್ಚು ಮೊದಲಿನಂತೆಯೇ. ಆಗ ಪಾಯಿಂಟ್ ಕಾರ್ಡು ಎಲ್ಲ ಶುಲ್ಕ ಕಳೆದು 2,533 ರೂಪಾಯಿಯನ್ನೂ, ಕ್ಯಾಷ್‌ಬ್ಯಾಕ್ ಕಾರ್ಡು 980 ರೂಪಾಯಿಯನ್ನೂ ಉಳಿಸುತ್ತವೆ. ಶುಲ್ಕರಹಿತ ಕಾರ್ಡಿನ 1,680ರಲ್ಲಿ ಬದಲಾವಣೆಯಿಲ್ಲ. ಕೊನೆಯದು ಮೊದಲನೆಯದಾಯಿತು, ಮೊದಲನೆಯದು ಕೊನೆಗೆ ಹೋಯಿತು. ಇಷ್ಟಾದರೂ ಪಾಯಿಂಟ್ ಕಾರ್ಡಿನ ಷರತ್ತಿನಲ್ಲಿ "ದಿನಸಿಗೆ ತಿಂಗಳಿಗೆ ಗರಿಷ್ಠ 500 ಪಾಯಿಂಟು" ಎಂಬ ಒಂದು ಸಾಲು ಇದ್ದರೆ 2,533 ರೂಪಾಯಿ 1,033ಕ್ಕೆ ಇಳಿಯುತ್ತದೆ. ನೆರೆಮನೆಯವರಿಗೆ ಲಾಭ ತಂದ ಕಾರ್ಡು ತಮಗೂ ಲಾಭ ತರುತ್ತದೆಂದು ನಂಬುವುದು ಆದ್ದರಿಂದಲೇ ಸರಿಯಲ್ಲ.

ಕೊಡುಗೆಯಿಂದ ಹೊರಗುಳಿಯುವ ಖರ್ಚುಗಳು

ಬಾಡಿಗೆ, ವಿಮೆಯ ಕಂತು, ಶಾಲಾ ಶುಲ್ಕ, ಸರ್ಕಾರಕ್ಕೆ ಕಟ್ಟುವ ತೆರಿಗೆ, ಚಿನ್ನಾಭರಣ, ವ್ಯಾಲೆಟ್‌ಗೆ ತುಂಬುವ ಹಣ ಇವುಗಳಲ್ಲಿ ಕೆಲವಕ್ಕೆ ಅಥವಾ ಎಲ್ಲಕ್ಕೂ ಅನೇಕ ಬ್ಯಾಂಕುಗಳು ಕೊಡುಗೆ ನೀಡುವುದಿಲ್ಲ. 2022ರಿಂದೀಚೆಗೆ ಹಲವು ಬ್ಯಾಂಕುಗಳು ಬಾಡಿಗೆ ಪಾವತಿಗೆ ಶೇ. 1ರಷ್ಟು ಪ್ರತ್ಯೇಕ ಶುಲ್ಕವನ್ನೇ ವಿಧಿಸತೊಡಗಿದವು. ಖರೀದಿಯನ್ನು ಮಾಸಿಕ ಕಂತುಗಳಿಗೆ ಪರಿವರ್ತಿಸಿಕೊಂಡರೆ ಸಾಮಾನ್ಯವಾಗಿ ಪಾಯಿಂಟು ಸಿಗುವುದಿಲ್ಲ. ಬಡ್ಡಿಯ ಮೇಲೆ ಜಿ.ಎಸ್.ಟಿ. ಬೇರೆ. ಪೆಟ್ರೋಲ್ ಬಂಕಿನಲ್ಲಿ ಶೇ. 1ರ ಅಧಿಕ ಶುಲ್ಕ ಮಾಫಿ ಎಂದಿರುವುದು ನಿಗದಿತ ಕನಿಷ್ಠ ಹಾಗೂ ಗರಿಷ್ಠ ಮೊತ್ತಗಳ ನಡುವಿನ ಬಿಲ್ಲಿಗೆ ಮಾತ್ರ. ಅದು ಗಳಿಕೆಯೂ ಅಲ್ಲ, ಇಲ್ಲದಿದ್ದರೆ ಕೈಬಿಡುತ್ತಿದ್ದ ಹಣ ಉಳಿಯಿತು ಎಂದಷ್ಟೇ.

ಯಾವ ಖರ್ಚು ಯಾವ ವರ್ಗಕ್ಕೆ ಸೇರಿದ್ದು ಎಂಬುದನ್ನು ಗ್ರಾಹಕರಾಗಲಿ ಅಂಗಡಿಯವರಾಗಲಿ ಬಿಲ್ಲಿನ ಮೇಲೆ ನಿರ್ಧರಿಸುವುದಿಲ್ಲ. ಪ್ರತಿಯೊಂದು ಅಂಗಡಿಗೂ ಅದರ ಬ್ಯಾಂಕು ನಾಲ್ಕು ಅಂಕಿಗಳ ಒಂದು ಸಂಕೇತ ಸಂಖ್ಯೆಯನ್ನು ನೀಡಿರುತ್ತದೆ. ದಿನಸಿ ಮಾರುವ ಅಂಗಡಿಯು ಬೇರೆ ವರ್ಗದಲ್ಲಿ ದಾಖಲಾಗಿದ್ದರೆ ಅಲ್ಲಿ ಕೊಂಡ ಅಕ್ಕಿ ಬೇಳೆಗೆ ದಿನಸಿಯ ಪಾಯಿಂಟು ಬರುವುದಿಲ್ಲ. ಮಾಟುಂಗದಲ್ಲಿ ಊರಿನ ಹಪ್ಪಳ, ಉಪ್ಪಿನಕಾಯಿ ತರುವ ಚಿಕ್ಕ ಅಂಗಡಿಗೂ ಈ ಮಾತು ಅನ್ವಯಿಸುತ್ತದೆ. ಮೊದಲ ತಿಂಗಳ ಬಿಲ್ಲಿನಲ್ಲಿ ಪಾಯಿಂಟಿನ ವಿವರವನ್ನು ಒಮ್ಮೆ ತಾಳೆ ನೋಡಿದರೆ ಇದು ತಿಳಿದುಬರುತ್ತದೆ.

ರುಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸುವ ವ್ಯವಸ್ಥೆ 2022ರಲ್ಲಿ ಆರಂಭವಾದ ಮೇಲೆ ಯಂತ್ರವಿಲ್ಲದ ಇಂತಹ ಚಿಕ್ಕ ಅಂಗಡಿಗಳಲ್ಲಿಯೂ ಕ್ರೆಡಿಟ್ ಕಾರ್ಡಿನಿಂದ ಹಣ ಕೊಡಲು ಸಾಧ್ಯವಾಗಿದೆ. ಈ ಬಗೆಯ ಪಾವತಿಗೆ ಕೊಡುಗೆ ನೀಡುವ ವಿಷಯದಲ್ಲಿ ಬ್ಯಾಂಕುಗಳಲ್ಲಿ ಏಕರೂಪತೆಯಿಲ್ಲ. ಕಾರ್ಡು ಪಡೆಯುವ ಮೊದಲು ಕೇಳಿ ತಿಳಿಯಬೇಕು.

ಬಾಕಿ ಉಳಿದಾಗ

ಇಲ್ಲಿಯವರೆಗಿನ ಲೆಕ್ಕವೆಲ್ಲ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ತೀರಿಸುವವರಿಗೆ ಸಂಬಂಧಿಸಿದ್ದು. ತೀರಿಸದಿದ್ದರೆ ಏನಾಗುತ್ತದೆ ಎಂಬುದನ್ನೂ ಅಂಕಿಗಳಲ್ಲಿಯೇ ನೋಡಬಹುದು.

ಅದೇ ಪುಣೆಯ ಮೊದಲ ಕುಟುಂಬಕ್ಕೆ ಒಂದು ತಿಂಗಳು ಆಸ್ಪತ್ರೆಯ ಖರ್ಚೋ ಊರಿನ ಮದುವೆಯೋ ಎದುರಾಗಿ, 20,000 ರೂಪಾಯಿಯ ಬಿಲ್ಲಿಗೆ ಕನಿಷ್ಠ ಪಾವತಿಯೆಂದು ನಮೂದಿಸಿದ 1,000 ರೂಪಾಯಿಯನ್ನು ಮಾತ್ರ ಕಟ್ಟಿತೆನ್ನೋಣ. ಕನಿಷ್ಠ ಮೊತ್ತವನ್ನು ಕಟ್ಟಿದ್ದರಿಂದ ತಡಪಾವತಿಯ ದಂಡ ಬೀಳುವುದಿಲ್ಲ. ಆದರೆ ಬಡ್ಡಿರಹಿತ ಅವಧಿಯ ಸೌಲಭ್ಯ ತಪ್ಪಿಹೋಗುತ್ತದೆ. ಬಡ್ಡಿಯನ್ನು ಗಡುವಿನ ದಿನದಿಂದಲ್ಲ, ವಸ್ತುಗಳನ್ನು ಕೊಂಡ ದಿನದಿಂದ ಎಣಿಸಲಾಗುತ್ತದೆ. ಖರೀದಿಯಿಂದ ಗಡುವಿನವರೆಗೆ ಸರಾಸರಿ 35 ದಿನ, ಅಲ್ಲಿಂದ ಪೂರ್ತಿ ತೀರಿಸುವವರೆಗೆ 30 ದಿನ ಎಂದು ಹಿಡಿದರೆ, ಉಳಿದ 19,000 ರೂಪಾಯಿಗೆ 65 ದಿನಗಳ ಬಡ್ಡಿ ತೆರಬೇಕು. ತಿಂಗಳಿಗೆ ಶೇ. 3.5, ಅಂದರೆ ವಾರ್ಷಿಕ ಶೇ. 42ರ ದರದಲ್ಲಿ ಅದು ಸುಮಾರು 1,421 ರೂಪಾಯಿ; ಜಿ.ಎಸ್.ಟಿ. ಸೇರಿ 1,677. ಪಾಯಿಂಟ್ ಕಾರ್ಡಿನಿಂದ ಇಡೀ ವರ್ಷ ಗಳಿಸಿದ 1,573 ರೂಪಾಯಿ ಒಂದೇ ತಿಂಗಳ ಬಾಕಿಯಲ್ಲಿ ಕರಗಿ, ಮೇಲೆ 104 ರೂಪಾಯಿ ಕೈಯಿಂದ ಹೋಯಿತು. ಬಾಕಿ ಇರುವಾಗ ಮಾಡಿದ ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬೀಳುವ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ.

ಈ ಬಡ್ಡಿದರಕ್ಕೆ ಕಾನೂನಿನ ಗರಿಷ್ಠ ಮಿತಿ ಇದೆಯೆಂದು ಹಲವರು ಭಾವಿಸಿರುತ್ತಾರೆ. ರಾಷ್ಟ್ರೀಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವು 2008ರಲ್ಲಿ ವಾರ್ಷಿಕ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿಯನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪಿತ್ತಿದ್ದು ನಿಜ. ಆದರೆ 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ಪಡೆದರೆ ಬಡ್ಡಿರಹಿತ ಅವಧಿಯೇ ಇರುವುದಿಲ್ಲ, ಶುಲ್ಕವನ್ನೂ ಕೊಡಬೇಕು.

ಆದ್ದರಿಂದ ಆಗಾಗ ಬಾಕಿ ಉಳಿಯುವ ಸಂಭವವಿರುವ ಮನೆಗಳು ಕೊಡುಗೆಯನ್ನು ನೋಡದೆ ಬಡ್ಡಿದರವನ್ನು ನೋಡಿ ಕಾರ್ಡನ್ನು ಆರಿಸಬೇಕು. ಅದಕ್ಕಿಂತ ಉತ್ತಮವೆಂದರೆ ಅಂತಹ ಅಗತ್ಯಕ್ಕೆ ಬ್ಯಾಂಕಿನ ವೈಯಕ್ತಿಕ ಸಾಲ ಅಥವಾ ಠೇವಣಿಯ ಮೇಲಿನ ಸಾಲವನ್ನು ವಿಚಾರಿಸುವುದು. ಇವುಗಳ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಗಿಂತ ಬಹಳ ಕಡಿಮೆ.

ಗ್ರಾಹಕರ ಹಕ್ಕುಗಳು

ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿ ಜುಲೈ 1ರಿಂದ ಜಾರಿಗೆ ತಂದ ನಿರ್ದೇಶನಗಳಲ್ಲಿ ಗ್ರಾಹಕರಿಗೆ ಹಲವು ರಕ್ಷಣೆಗಳನ್ನು ಒದಗಿಸಿತು. ಕೇಳದೆ ಕಾರ್ಡು ಕಳುಹಿಸುವುದನ್ನು ಅದು ನಿಷೇಧಿಸಿತು. ಬಡ್ಡಿ ಹಾಗೂ ಶುಲ್ಕಗಳ ಮುಖ್ಯ ವಿವರವನ್ನು ಅರ್ಜಿಯೊಡನೆ ಒಂದು ಪುಟದಲ್ಲಿ ಕೊಡಬೇಕೆಂದು ವಿಧಿಸಿತು. ಪ್ರತಿನಿಧಿಯ ಮಾತಿಗಿಂತ ಮೊದಲು ಓದಬೇಕಾದದ್ದು ಈ ಪುಟವನ್ನೇ. ಶುಲ್ಕಗಳನ್ನು ಬದಲಿಸುವುದಾದರೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು. ಬಾಕಿ ತೀರಿಸಿದ ಗ್ರಾಹಕರು ಕಾರ್ಡನ್ನು ರದ್ದುಪಡಿಸಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು; ತಪ್ಪಿದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕರಿಗೆ ತೆರಬೇಕು. ರದ್ದುಪಡಿಸುವ ಮೊದಲು ಉಳಿದ ಪಾಯಿಂಟುಗಳನ್ನು ಬಳಸಿಕೊಳ್ಳುವುದನ್ನು ಮರೆಯಬಾರದು. ಕಾರ್ಡಿನೊಡನೆ ಅವೂ ಹೋಗುವುದು ವಾಡಿಕೆ.

ಪಾಯಿಂಟುಗಳ ಹೆಸರಿನಲ್ಲಿ ವಂಚನೆಯೂ ನಡೆಯುತ್ತದೆ. "ನಿಮ್ಮ ಪಾಯಿಂಟುಗಳ ಅವಧಿ ಇಂದೇ ಮುಗಿಯುತ್ತದೆ, ಈ ಕೊಂಡಿಯನ್ನು ಒತ್ತಿ" ಎಂಬ ಸಂದೇಶ ಬಂದರೆ ಅದನ್ನು ಒತ್ತದೆ, ಬ್ಯಾಂಕಿನ ಅಧಿಕೃತ ಆ್ಯಪ್‌ನಲ್ಲಿ ಪಾಯಿಂಟುಗಳನ್ನು ನೋಡಬೇಕು. ಪಾಯಿಂಟು ಜಮೆ ಮಾಡಲು ಒ.ಟಿ.ಪಿ.ಯಾಗಲಿ ಕಾರ್ಡಿನ ಹಿಂಬದಿಯ ಸಂಖ್ಯೆಯಾಗಲಿ ಬೇಕಾಗುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ, 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಬೇಕು.

ಪ್ರಕಟಿಸಿದ ಕೊಡುಗೆಯನ್ನು ನೀಡದಿರುವುದು, ತಪ್ಪು ಶುಲ್ಕ ಹಾಕುವುದು ಮುಂತಾದ ದೂರುಗಳನ್ನು ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ಸಲ್ಲಿಸಿ, ದೂರಿನ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ. ಕಾರ್ಡಿನ ಷರತ್ತುಗಳನ್ನು ಇಂಗ್ಲಿಷು, ಹಿಂದಿಯಲ್ಲದೆ ಸ್ಥಳೀಯ ಭಾಷೆಯಲ್ಲಿ ಕೊಡುವುದು ಅಪೇಕ್ಷಣೀಯವೆಂದು ರಿಸರ್ವ್ ಬ್ಯಾಂಕು ಹೇಳಿದೆಯಾದರೂ, ಪುಣೆಯಲ್ಲಿ ಸ್ಥಳೀಯ ಭಾಷೆಯೆಂದರೆ ಮರಾಠಿ, ಚೆನ್ನೈಯಲ್ಲಿ ತಮಿಳು. ಹೊರನಾಡಿನ ಕನ್ನಡಿಗರು ದೂರು ಸಲ್ಲಿಸುವ ಕ್ರಮವನ್ನು ಕನ್ನಡದಲ್ಲಿಯೇ ಕೇಳಿ ತಿಳಿಯಲು ರಿಸರ್ವ್ ಬ್ಯಾಂಕಿನ ಸಂಪರ್ಕ ಕೇಂದ್ರಕ್ಕೆ 14448 ಸಂಖ್ಯೆಯಲ್ಲಿ ಕರೆ ಮಾಡಬಹುದು.